ಮುಯ್ಯಾಳು ಬನ್ನಿ ಎಂದು ಬರೆದವನಿಗೆ

ಅಣ್ಣಾ,

ನಿನ್ನ ತಂಗಿ ಗಿರಿಜೆ ಬರೆಯುತ್ತಿದ್ದೇನೆ. ಇತ್ತ ನಾವೆಲ್ಲ ಕ್ಷೇಮ. ಅತ್ತ ನಿನ್ನ ಕ್ಷೇಮಕ್ಕೆ ಬರೆಯುತ್ತಿರು ಎಂದು ಮುಂದಿನ ಸಾಲು ಬರೆಯುವುದು ರೂಢಿ. ಬರೆಯಹೋಗಿ ಕೈ ನಿಂತಿತು. ನೀನು ತೀರಿಹೋದ ಮೇಲಿನ ಮೊದಲ ಮಳೆಗಾಲ ಇದು. ದಿನಚರಿಯಲ್ಲಿ ಏನಾದರೂ ಗೀಚುತ್ತಲೇ ಇರುತ್ತೇನೆ. ಆದರೆ ಈ ಸುದ್ದಿಯನ್ನು ದಿನಚರಿಗೆ ಹೇಳಿದರೆ ಸಾಲದು ಅನ್ನಿಸಿತು.

ಸಾಗರದ ಅತ್ತೆಮನೆಯ ಜಗಲಿ ನೆನಪಿದೆಯಾ? ನೀನು ಹೊಸ ಕಾಲೇಜಿಗೆ ಹೋಗುತ್ತಿದ್ದೆ. ಏಳನೇ ಕ್ಲಾಸಿಗೆ ಓದು ಬಿಟ್ಟ ನಾನು ಅತ್ತೆಗೆ ಕೈಯಾಳಾಗಿ ಅಲ್ಲೇ ಇದ್ದೆ. ನಮ್ಮೂರು ಶರಾವತಿಯ ಅಣೆಕಟ್ಟಿನ ನೀರಿನಡಿ ಸೇರಿತ್ತು. ಅಪ್ಪಯ್ಯ, ಅಮ್ಮ, ಊರವರೆಲ್ಲ ಹುಂಚದ ದಾರಿಯ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಲ್ಲಿನ ಮಕ್ಕಳಿಗೆ ಶಾಲೆ ಇರಲಿಲ್ಲ. ಅದಕ್ಕೊಂದು ಕಟ್ಟಡ ಎಬ್ಬಿಸಲು ಹಣ ಕೂಡಿಸಬೇಕೆಂದು ನಿಮ್ಮ ಕಾಲೇಜಿನವರು ಸಹಾಯಾರ್ಥ ನಾಟಕ ಗೊತ್ತು ಮಾಡಿದರು. ಪೋಸ್ಟರ್ ಬರೆಯುವ ಕೆಲಸ ನಿನ್ನ ಪಾಲಿಗೆ ಬಂತು. ನಿನ್ನ ಅಕ್ಷರ ಚೆಂದ ಅಂತಲೋ, ನೀನೂ ಮುಳುಗಡೆಯವನೇ ಅಂತಲೋ...

ನೀನು ಮೊದಲು ಬರೆದ ಪೋಸ್ಟರ್ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕುತ್ತಿಗೆವರೆಗೆ ನೀರಲ್ಲಿ ನಿಂತ ಮುದುಕಿ, ಮುಂದೆ ಚಾಚಿದ ಕೈ. ಮೇಲೆ ‘ಮುಳುಗಡೆ ನಿರಾಶ್ರಿತರ ಸಹಾಯಾರ್ಥ’ ಎಂಬ ದಪ್ಪಕ್ಷರ. ನಾಟಕದ ಕಾರ್ಯದರ್ಶಿ ಹುಡುಗ ಬಂದು ನೋಡಿ, “ಭೇಷ್ ಮಾರಾಯ, ಕಂಡವ್ರು ಅಳ್ಬೇಕು” ಎಂದು ಬೆನ್ನು ತಟ್ಟಿ ಹೋಗಿದ್ದ. ಅವನು ಅತ್ತ ಹೋದ, ಸಂತೆಗೆಂದು ಬಂದ ಅಪ್ಪಯ್ಯ ಇತ್ತ ಜಗಲಿ ಹತ್ತಿದ.

“ಇದ್ಯಾರಾ ಮುದುಕಿ?”

“ಯಾರೂ ಅಲ್ಲ ಅಪ್ಪಯ್ಯ. ಸುಮ್ನೆ ಚಿತ್ರ.”

“ನಿನ್ನ ಅಜ್ಜಿ ಮೂಗೇ ಇಟ್ಟೀಯಲ್ಲ. ಕೈ ಎಂತಕ್ಕೆ ಚಾಚಿದ್ದು?”

ಅಪ್ಪಯ್ಯ ಕೂಗಾಡಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

“ಗದ್ದೆ ಹೋಗಿದ್ದು ಹೌದು ಮಗಾ. ಕೈ ಚಾಚಿದ್ದಿಲ್ಲ. ಬಿಕ್ಷೆ ಎತ್ತಿ ಕಟ್ಟಿದ ಶಾಲೆಗೆ ನಮ್ಮ ಕೇರಿಯ ಒಂದು ಮಗೂನೂ ಕಳ್ಸಲ್ಲ. ನಾ ಹೇಳಿದೀನಿ, ಅಷ್ಟೇ.”

ಕೇರಿಯಲ್ಲಿ ಅವನ ಮಾತಿಗೆ ಎದುರಿಲ್ಲ ಎಂಬುದು ನಿನಗೆ ಗೊತ್ತಿತ್ತು. ಶಾಲೆ ಎದ್ದರೂ ಒಳಗೆ ಕೂರುವವರಿಲ್ಲ ಎಂದಾದರೆ ಯಾರಿಗಾಗಿ ನಾಟಕ? ನೀನು ಊಟಕ್ಕೂ ಏಳದೆ ಕುಂಚದ ತುದಿ ಕಚ್ಚುತ್ತ ಕೂತೆ. ಒರಳಲ್ಲಿ ಅಕ್ಕಿ ರುಬ್ಬುತ್ತಿದ್ದ ನನ್ನನ್ನು ಇದ್ದಕ್ಕಿದ್ದಂತೆ ಕೇಳಿದೆ: “ಗಿರಿಜಾ, ಗದ್ದೆ ನಟ್ಟಿ ಹೊತ್ತಿಗೆ ಅಪ್ಪಯ್ಯ ಜನಾನ ಹೆಂಗೆ ಕರೀತಿದ್ದ?”

“ಹೆಂಗೆ ಅಂದ್ರೆ? ನಾಳೆ ಮುಯ್ಯಾಳು ಬನ್ನಿ ಅಂತಿದ್ದ.”

ನೀನು ಎದ್ದು ನಿಂತುಬಿಟ್ಟೆ. ಇವತ್ತು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಮುಯ್ಯಾಳನ್ನು ಕರೆದವನು ಸಣ್ಣವನಲ್ಲ, ಬಂದವನು ದೊಡ್ಡವನಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಅದರೊಳಗೆ ಇಷ್ಟೆಲ್ಲ ಇದೆ ಎಂದು ನನಗೆ ಹೊಳೆದಿರಲೇ ಇಲ್ಲ.

ಹಾಳೆಗಳಿಗೆಲ್ಲ ಕೆಮ್ಮಣ್ಣು ಬಳಿದೆವು. ಮದುವೆಯಲ್ಲಿ ನಾವು ಹೆಂಗಸರು ಗೋಡೆಗೆ ಚಿತ್ತಾರ ಬರೆಯುವ ಹಾಗೆ ಅಕ್ಕಿಹಿಟ್ಟಿನ ಬಿಳಿ, ನಾರಿನ ಕುಂಚ. “ಗಂಡಸ್ರ ಕೈಗೆ ಈ ಕುಂಚ ಬಗ್ಗಲ್ಲ” ಎಂದು ನಾನು ಕಿಚಾಯಿಸಿದರೆ, “ಬಗ್ಗದಿದ್ರೆ ನೀ ಬಗ್ಗಿ ಬರಿ” ಎಂದು ಅಂಚಿನ ಎಳೆಗಳನ್ನೆಲ್ಲ ನನಗೇ ಹಚ್ಚಿದೆ. ನಡುವೆ ಒಂದು ಉದ್ದನೆ ತೊಲೆ, ಅದಕ್ಕೆ ಹೆಗಲು ಕೊಟ್ಟ ಜನ. ‘ಮುಯ್ಯಾಳು ಬನ್ನಿ. ಮಕ್ಕಳಿಗೊಂದು ಶಾಲೆ ಎತ್ತೋಣ. ನಿಮ್ಮ ಕೆಲಸಕ್ಕೆ ನಾವು ಬರುತ್ತೇವೆ.’ ಇಷ್ಟು ದೊಡ್ಡದಾಗಿ ಬರೆಯುವಷ್ಟರಲ್ಲಿ ಜಾಗ ಮುಗಿದಿತ್ತು. ಕಾರ್ಯದರ್ಶಿ ತಲೆ ಚಚ್ಚಿಕೊಂಡ. “ನಾಟಕ ಎಲ್ಲಿ? ಓಹೋ, ಇಲ್ಲಿ ಕೆಳಗೆ ಇರುವೆ ಸತ್ತಂಗೆ ಬಿದ್ದದೆ!” ಆದರೆ ಬದಲಿಸಲು ಹೊತ್ತು ಮೀರಿತ್ತು. ಸಾಗರ, ನಗರ, ಹೊಸನಗರ, ತೀರ್ಥಹಳ್ಳಿಯ ಬಸ್ ನಿಲ್ದಾಣಗಳಲ್ಲೆಲ್ಲ ಅಂಟಿಸಿ ಬಂದಿರಿ.

ನಾಟಕದ ದಿನ ಮಧ್ಯಾಹ್ನ ಕಾಲೇಜಿನ ಬಯಲಿಗೆ ನಿನ್ನ ಊಟ ತಂದವಳು ಬುತ್ತಿ ಹಿಡಿದೇ ನಿಂತೆ. ಯಾವ ಯಾವ ಊರಿನವರೋ ಬಸ್ಸಿಳಿದು ಬರುತ್ತಿದ್ದರು. ಹೆಗಲ ಮೇಲೆ ಹಾರೆ, ಸೊಂಟದಲ್ಲಿ ಕತ್ತಿ, ಕೆಲವರ ತಲೆ ಮೇಲೆ ಹುರಿಹಗ್ಗದ ಸಿಂಬೆ. ಬಾಗಿಲಲ್ಲಿ ಕಾರ್ಯದರ್ಶಿ ತಡೆದ.

“ಟಿಕೆಟ್ ತಗೊಂಡ್ರಾ?”

ತೀರ್ಥಹಳ್ಳಿ ಕಡೆಯ ಬಿಳಿಮೀಸೆಯ ಯಜಮಾನರೊಬ್ಬರು ನಕ್ಕುಬಿಟ್ಟರು. “ಟಿಕೇಟು ಕೊಟ್ಟು ಕೆಲ್ಸಕ್ಕೆ ಬರೋದು ಯಾವ ಸೀಮೆಯಲ್ಲಿದೆ ತಮ್ಮಾ? ಮುಯ್ಯಾಳು ಬನ್ನಿ ಅಂದ್ರಿ, ಬಂದಿದೀವಿ. ತೊಲೆ ಎಲ್ಲಿ ತೋರ್ಸು.”

ನೀನು ನನ್ನತ್ತ ನೋಡಿದೆ, ನಾನು ನಿನ್ನತ್ತ. ಆ ಹೊತ್ತು ನಿನಗೆ ಏನನ್ನಿಸಿತು ಅಣ್ಣ? ಕೇಳಬೇಕೆಂದುಕೊಂಡೇ... ನಮ್ಮ ಮುಖ ಕಾಣದವರು, ನಮ್ಮ ಜಾತಿ, ಊರು ಕೇಳದವರು, ಒಂದು ಮಾತನ್ನು ನಂಬಿ ಬಂದಿದ್ದರು.

ರಾತ್ರಿ ಸಾಗರದವರು ಟಿಕೆಟ್ ಕೊಂಡು ನಾಟಕ ನೋಡಿದರು. ಮಾರನೆಯ ಬೆಳಿಗ್ಗೆ ಮುಯ್ಯಾಳುಗಳನ್ನೆಲ್ಲ ಲಾರಿ ಹತ್ತಿಸಿಕೊಂಡು ಕೇರಿಗೆ ಹೋದೆವು. ಅಪ್ಪಯ್ಯ ಮೊದಲು ದೂರವೇ ನಿಂತಿದ್ದ. ಬಿಳಿಮೀಸೆಯವರು ಗದರಿದರು: “ಎಂತ ಯಜಮಾನ್ರೇ, ಮುಯ್ಯಾಳು ಕರ್ದು ನೀವು ನಿಂತು ನೋಡೋದಾ? ಇದು ಬಿಟ್ಟಿ ಅಲ್ಲ, ನಮ್ಮ ಕರೆ ಬಂದಾಗ ಬರ್ಬೇಕು, ಹಾಂ!” ಅಪ್ಪಯ್ಯ ಟವೆಲು ಬಿಗಿದು ತೊಲೆಗೆ ಹೆಗಲು ಕೊಟ್ಟ. ನೀರು ಬಂದ ಮೇಲೆ ಅವನು ನಕ್ಕದ್ದನ್ನು ಅಂದೇ ಕಂಡದ್ದು. ಟಿಕೆಟಿನ ಹಣದಲ್ಲಿ ಹೆಂಚು ಬಂತು, ಮಕ್ಕಳೂ ಬಂದರು.

ಈಗ ಸುದ್ದಿ ಹೇಳುತ್ತೇನೆ. ಮೊನ್ನೆ ತೀರ್ಥಹಳ್ಳಿ ಕಡೆಯಿಂದ ಕರೆ ಬಂತು. ಬಿಳಿಮೀಸೆಯವರು ಕಾಲು ಮುರಿದು ಮಲಗಿದ್ದಾರೆ, ನಟ್ಟಿ ನಿಂತಿದೆ ಅಂತ. ಅಪ್ಪಯ್ಯ ಕೇರಿಗೆ ಕೇರಿಯನ್ನೇ ಹೊರಡಿಸಿದ. ಹೋದೊಡನೆ ಅವರು ಮಲಗಿದಲ್ಲಿಂದಲೇ ಕೇಳಿದರು: “ಆ ಬರಹದ ಮಗ ಬರ್ಲಿಲ್ವಾ?”

ಅಪ್ಪಯ್ಯ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿದ. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, “ಅವನ ಆಳು ಇವಳು” ಎಂದ.

ಅಣ್ಣಾ, ನಿನ್ನ ಪಾಲಿನ ಸಾಲನ್ನು ನಾನು ನೆಟ್ಟು ಬಂದಿದ್ದೇನೆ. ಸ್ವಲ್ಪ ಸೊಟ್ಟ ಬಂತು. ಯಾರೂ ಏನೂ ಅನ್ನಲಿಲ್ಲ.

ನಿನ್ನ ತಂಗಿ,
ಗಿರಿಜೆ