ತೆರೆಯದ ಹತ್ತೊಂಬತ್ತು ಫೋಟೊ

ಜೂನ್ 9, ಸೋಮವಾರ. ಬೆಳಿಗ್ಗೆ 11
ಅಮ್ಮ ತೋಟಕ್ಕೆ ಹೋದಳು. ಮತ್ತೆ ಲ್ಯಾಪ್‌ಟಾಪ್ ಮುಂದೆ. ಇವತ್ತು ನಲವತ್ತು ಸಲ ಒತ್ತಿದೆ — ರಾಂಗ್ ಪಾಸ್‌ವರ್ಡ್.

ಎರಡು ವರ್ಷದ ಹಿಂದೆ, ಚಿಕ್ಕನಾಯಕನಹಳ್ಳಿ ಮನೇಲಿ, ಗಂಡ ಸ್ನಾನಕ್ಕೆ ಹೋಗಿದ್ದಾಗ ಗಡಿಬಿಡೀಲಿ ಇಟ್ಟದ್ದು. ಏಟಿನ ಫೋಟೊ ಎಲ್ಲಾ ಒಂದು ಫೈಲಿಗೆ ಹಾಕಿ, ಲಾಕ್ ಮಾಡಿ, ಪೆನ್‌ಡ್ರೈವಲ್ಲಿ ಇಟ್ಟುಕೊಂಡು ಫೋನಿಂದ ಅಳಿಸಿದೆ. ಫೋನ್ ದಿನಾ ನೋಡ್ತಿದ್ರಲ್ಲ. ನನ್ನ ಹೆಸರು, ಮಗಳ ಹೆಸರು ಬೇಡ, ಊಹಿಸಿಬಿಡ್ತಾರೆ ಅಂತ ಬೇರೇನೋ ಇಟ್ಟೆ. ಏನೋ...

ಕೋರ್ಟ್ 23ಕ್ಕೆ.

ಜೂನ್ 11
ತಿಪಟೂರು. ಲಾಯರ್ ದ್ರಾಕ್ಷಾಯಣಮ್ಮನವರ ಆಫೀಸು.
"ನಿನ್ನ ಗಂಡ ಕೈಯೇ ಮಾಡಿಲ್ಲ ಅಂತ ಕೋರ್ಟಿಗೆ ಬರೆದುಕೊಟ್ಟವ್ರೆ ಕಣಮ್ಮ. ಆಸ್ಪತ್ರೆ ಚೀಟಿ ಏನಾದ್ರೂ ಐತಾ?"
ಆಸ್ಪತ್ರೆಗೆ ಹೋಗೋಕೆ ಬಿಟ್ಟಿದ್ರೆ ತಾನೆ.
"ಹಂಗಾದ್ರೆ ನೀನು ಹೇಳಿದ್ಯಲ್ಲ, ಆ ಫೋಟೊಗಳು ಬೇಕೇ ಬೇಕು."
ತಲೆ ಆಡಿಸಿದೆ. ಪಾಸ್‌ವರ್ಡ್ ಮರೆತಿದೀನಿ ಅನ್ನೋಕೆ ಬಾಯಿ ಬರಲಿಲ್ಲ.

ಜೂನ್ 14. ಮಧ್ಯಾಹ್ನ
ತಮ್ಮ ಯೋಗೀಶ ಬೈಕಲ್ಲಿ ಕರ್ಕೊಂಡು ಹೋದ. ತಿಪಟೂರಿನ ಕಂಪ್ಯೂಟರ್ ಅಂಗಡಿ. ಒಂದೆರಡು ಏಟು ಬಿದ್ದಿದೆ ಅಂತಷ್ಟೇ ಅವನಿಗೆ ಗೊತ್ತು. ನಾನೂ ಅಷ್ಟೇ ಹೇಳಿದ್ದು.

ಅಂಗಡಿಯ ಪುನೀತ್ ಪೆನ್‌ಡ್ರೈವ್ ಹಾಕಿ ನೋಡಿದ. "ಹತ್ತೊಂಬತ್ತವೆ ಕಣ್ರೀ. ಹೆಸರು ಮಾತ್ರ ಕಾಣ್ತವೆ, ಫೋಟೊ ತೆಗೆಯಕ್ಕಾಗಲ್ಲ." ಬೇಡ ಅನ್ನೋದರೊಳಗೆ ಜೋರಾಗಿ ಓದಿದ. "ಕಿವಿ. ತುಟಿ. ಬೆನ್ನು, ಯುಗಾದಿ ಹಬ್ಬ..."
ಯೋಗೀಶ ನನ್ನ ಕಡೆ ತಿರುಗಿದ. "ಯುಗಾದಿಲಾ ಅಕ್ಕ? ಅವತ್ತು ನಾನು ಊಟಕ್ಕೆ ಬಂದಿದ್ನಲ್ಲ."
"ನೀನು ಬರೋಕೆ ಮುಂಚೇನೇ ಕಣೋ."
"ಒಬ್ಬಟ್ಟು ಬಡಿಸಿದ್ಯಲ್ಲೇ..."
ಆಚೆ ಹೋದ. ಬೈಕ್ ಪಕ್ಕ ಬೆನ್ನು ಹಾಕಿ ನಿಂತ.
ಪುನೀತ್ ದನಿ ತಗ್ಗಿಸಿದ. "ಪಾಸ್‌ವರ್ಡ್ ಹೆಂಗಿತ್ತು ಅಂತಾದ್ರೂ ನೆನಪೈತಾ ಅಕ್ಕ?"
ಉದ್ದ ಇತ್ತು. ಅಷ್ಟೇ ನೆನಪು.

ಜೂನ್ 20, ಶುಕ್ರವಾರ
ಪುನೀತ್ ಆರು ದಿನ ಬಿಡದೆ ಸಾಫ್ಟ್‌ವೇರ್ ಓಡಿಸಿದನಂತೆ. ಸಿಗಲಿಲ್ಲ. ವರ್ಷಗಟ್ಟಲೆ ಓಡಿಸಿದ್ರೂ ಗ್ಯಾರಂಟಿ ಇಲ್ಲ ಅಂದ.

ಲಾಯರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಬೈಯಲಿಲ್ಲ. "ಬುಡು. ನಿನ್ನ ಬಾಯಿಮಾತೂ ಸಾಕ್ಷಿನೇ. ಒಂದೊಂದು ಫೋಟೊ ಹೆಸರಿಗೂ ಅವತ್ತು ಏನಾಯ್ತು, ಯಾವ ಹೊತ್ತು, ಎಲ್ಲಾ ಬರ್ಕೊಂಡು ನಾಳೆ ಸಂಜೆ ಬಾ. ಅಫಿಡವಿಟ್ ಮಾಡೋಣ. ನಂಬೋದು ಬಿಡೋದು ಜಡ್ಜಿಗೆ ಬಿಟ್ಟಿದ್ದು."
ಹತ್ತೊಂಬತ್ತೂ.

ಜೂನ್ 21. ಬೆಳಿಗ್ಗೆ 10
ಅಮ್ಮ ಮಗಳನ್ನ ಕರ್ಕೊಂಡು ಹೊರಗೆ ಹೋದಳು. ಬಾಗಿಲಲ್ಲಿ ಯೋಗೀಶ. "ನೀನು ಹೇಳಕ್ಕ, ನಾನು ಬರೀತೀನಿ." ಬೇಡ ಅಂದೆ. ಹೋಗಲಿಲ್ಲ, ಜಗಲಿ ಮೇಲೆ ಕೂತ.

ಮೊದಲು ಇಲ್ಲಿ ಬರೀತೀನಿ. ಆಮೇಲೆ ಹಾಳೆಗೆ.

ಒಂದು. ಎಡಗೈ. ಸೋಮವಾರ, ಬೆಳಿಗ್ಗೆ ಏಳು ಇರಬೇಕು. ಹಾಲು ಉಕ್ಕಿ ಸ್ಟವ್ ಆರಿತ್ತು. ಅವರು ಬಂದರು. ಬೈಯಲಿಲ್ಲ. ಸ್ಟವ್ ಮತ್ತೆ ಹಚ್ಚಿದರು. ಪಾತ್ರೆ ಇಳಿಸಿದರು. ನನ್ನ ಕೈ ಹಿಡಿದು —