ಪಾರ್ಕಿನಾಗ ಕಳೆ ತೆಗೆದದ್ದು

ಮೈಸೂರು, 2-8-2003

ತಂಗಿ ಪಂಪಮ್ಮ, ನೀನೂ ಹೊಲದ ಪೈರೂ ಚಲೋ ಇರ್ರಿ.

ಮಗಳ ಮನಿ ಮುಂದಿನ ಪಾರ್ಕಿನಾಗ ದಿನಾ ಬೆಳಿಗ್ಗೆ ನಮ್ಮಂಥ ವಯಸ್ಸಾದೋರನ್ನ ಸಾಲಾಗಿ ನಿಲ್ಲಿಸಿ ವ್ಯಾಯಾಮ ಮಾಡಿಸ್ತಾರ. ನಿನ್ನೆ ಮೇಷ್ಟ್ರು “ಬಗ್ಗಿ ನೆಲ ಮುಟ್ರಿ” ಅಂದ್ರು. ಬಗ್ಗಿದೆ ನೋಡು, ಕೈ ತಾನಾಗೇ ಹುಲ್ಲು ಕೀಳಾಕ ಹತ್ತಿತು! ಎಲ್ಲಾರೂ ಎದ್ದು ನಿಂತ್ರೂ ನಾ ಕಳೆ ತೆಗಕೋತ ಎರಡು ಮಾರು ಮುಂದಕ ಹೋಗಿದ್ದೆ. “ಅಜ್ಜೀ, ಅದು ನೀರು ಹಾಕಿ ಬೆಳೆಸಿದ ಹುಲ್ಲು!” ಅಂತ ಮೇಷ್ಟ್ರು ಕೂಗಿದ್ರು. ಎಲ್ಲಾರೂ ನಕ್ಕರು. ನೀನೂ ನಗಾಕ ಹತ್ತೀಯೇನೋ ಅಂತ ಬಾಜೂಕ ತಿರುಗಿ ನೋಡಿದೆ.

ಮೊಣಕಾಲು ನೋವು ಕಮ್ಮಿ ಆಗೇತಿ. ಗುಳಿಗಿ ಇನ್ನೊಂದು ತಿಂಗಳು ನುಂಗಬೇಕಂತ. ಶೇಂಗಾ ಹೊಲಕ್ಕ ಕಳೆ ತೆಗಿಯಾಕ ಇಳಿದಾಗ ನಿನ್ನ ಬಲಗಡಿ ಸಾಲು ಯಾರಿಗೂ ಬಿಡಬ್ಯಾಡ. ಎರಡೂ ಸಾಲು ನೀನೇ ಹಿಡಿದಿರು, ನಾ ಬಂದು ನನ್ನದು ಇಸಗೊಂತೀನಿ.

ನಿನ್ನ ಅಂಜಿನಕ್ಕ