ಕಲ್ಲಾದ ಸ್ಕೋನ್

೧೨ ಜುಲೈ ೨೦೧೫, ಭಾನುವಾರ

ಚಪಾತಿ ಹಿಟ್ಟಿನ ಹಾಗೆ ನಾದಿಬಿಟ್ಟೆನಲ್ಲ, ಅದೇ ಇನ್ನೂ ಕೊರೆಯುತ್ತಿದೆ.

ಪಕ್ಕದ ಮನೆಯ ಐರಿಷ್ ಅಜ್ಜಿ ನೋರಾ ಅವರ ಗಂಡ ಡೆಕ್ಲನ್ ಮೊನ್ನೆ ತೀರಿಕೊಂಡರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ಕಳಿಸಬೇಕು. "ಅದು ನಮ್ಮ ಕಡೆ ಶಾಸ್ತ್ರ ಕಣೇ, ಅವರಿಗೇನು?" ಎಂದರು ಇವರು. ಈ ಪರದೇಶದ ಸ್ಪ್ರಿಂಗ್ ವ್ಯಾಲಿಯಲ್ಲಿ ನಾನಲ್ಲದೆ ಇನ್ಯಾರು ಕಳಿಸುತ್ತಾರೆ? ನೋರಾ ಕಲಿಸಿದ ಸ್ಕೋನನ್ನೇ, ಚಹಾದ ಜೊತೆ ತಿನ್ನುವ ಆ ಬೆಣ್ಣೆಯ ಪುಟ್ಟ ಬನ್ನನ್ನೇ ಮಾಡಿದೆ. ಹಿಟ್ಟನ್ನು ಹೆಚ್ಚು ಮುಟ್ಟಬೇಡ ಎಂದು ಎಷ್ಟು ಸಲ ಹೇಳಿದ್ದರು! ಅಳುತ್ತಾ ನಾದಿದ್ದು ಗೊತ್ತೇ ಆಗಲಿಲ್ಲ. ಒಂದೂ ಉಬ್ಬಲಿಲ್ಲ, ಎಲ್ಲ ಕಲ್ಲು. ಮತ್ತೆ ಮಾಡಲು ಬೆಣ್ಣೆ ಇರಲಿಲ್ಲ. ನಾಚಿಕೆಪಡುತ್ತಲೇ ಒಯ್ದೆ.

ನೋರಾ ಒಂದನ್ನು ಚಹಾದಲ್ಲಿ ಅದ್ದಿ ಕಚ್ಚಿದರು. ಬಹಳ ಹೊತ್ತು ಅಗಿದರು. ಆಮೇಲೆ ಇಂಗ್ಲಿಷಿನಲ್ಲಿ, "ಭಾನುವಾರ ಡೆಕ್ಲನ್ ಮಾಡ್ತಿದ್ದದ್ದೂ ಹೀಗೇ ಇರ್ತಿತ್ತು. ಪ್ರತಿ ವಾರ ಬೈತಿದ್ದೆ," ಎಂದರು. ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ನನಗೆ ಒಂದನ್ನೂ ಕೊಡಲಿಲ್ಲ.

ಇಲ್ಲಿ ಇವರು ಗೊರಕೆ ಹೊಡೆಯುತ್ತಿದ್ದಾರೆ. ದಿನವೂ ಗೊಣಗಿ, ತಿವಿದು ಮಗ್ಗುಲಿಗೆ ಹೊರಳಿಸುತ್ತಿದ್ದೆ. ಇವತ್ತು ಬೇಡ. ಹೊಡೆಯಲಿ.